ಹೆಂಡತಿಯ ಹಾಡಿಗೆ ನನ್ನ ಸೌಂಡು

"ಈ ಸಲ ನಿನ್ನ ಹಾಡಿಗೆ ಸೌಂಡ್ ನೋಡಿಕೊಳ್ಳೋನು ನಾನೇ! ಇನ್ನೊಬ್ಬ ಆ ಪೆಟ್ಟಿಗೆ ಮುಟ್ಟಲಿ, ನೋಡ್ತೀನಿ!"

ಹೀಗೆಂದು ಊಟದ ಮೇಜನ್ನು ಗುದ್ದಿ ನಾನು ಪ್ರತಿಜ್ಞೆ ಮಾಡಿದಾಗ ಲೋಟದ ನೀರು ತುಳುಕಿತು, ಹೆಂಡತಿಯ ಮುಖ ಬಿಳುಚಿತು. ಮಗಳು ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಅಪ್ಪ, ಸೌಂಡು ನೋಡಿಕೊಳ್ಳೋದಲ್ಲ, ಕೇಳಿಸಿಕೊಳ್ಳೋದು," ಎಂದಳು.

"ಅದೊಂದು ಇವರಿಗೆ ಮದುವೆಯಾದಾಗಿನಿಂದ ಬಂದಿಲ್ಲ," ಎಂದಳು ಹೆಂಡತಿ.

ಓದುಗರೇ, ತಾಯಿ ಮಗಳು ಒಂದಾದ ಮನೆಯಲ್ಲಿ ಗಂಡಸಿನ ಪ್ರತಿಭೆಗೆ ಬೆಲೆಯಿಲ್ಲ. ಅದು ಹಾಗಿರಲಿ. ಮೊದಲು ಈ ಸೌಂಡ್ ಇಂಜಿನಿಯರ್ ಎಂಬ ಜೀವಿಯ ವಿಚಾರ ಹೇಳಿಬಿಡುತ್ತೇನೆ. ಸಂಗೀತ ಕಾರ್ಯಕ್ರಮಗಳಲ್ಲಿ ನೀವೂ ನೋಡಿರುತ್ತೀರಿ. ಸಭಾಂಗಣದ ಹಿಂಭಾಗದಲ್ಲಿ, ಮೈತುಂಬ ಗುಂಡಿಗಳಿರುವ ಒಂದು ಯಂತ್ರದ ಹಿಂದೆ, ಕಪ್ಪು ಅಂಗಿ ತೊಟ್ಟು, ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಒಬ್ಬರು ಕುಳಿತಿರುತ್ತಾರೆ. ಆಗಾಗ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಕಣ್ಣು ಮುಚ್ಚುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಅದೇ ಗುಂಡಿಯನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುತ್ತಾರೆ. ಇದಕ್ಕೆ ಸಂಬಳ! ಹಾಡುವವರು ಹಾಡುತ್ತಾರೆ, ಬಾರಿಸುವವರು ಬಾರಿಸುತ್ತಾರೆ, ಕೇಳುವವರು ಕೇಳುತ್ತಾರೆ. ನಡುವೆ ಇವರದೇನು? ವಾಕ್ಯದಲ್ಲಿ ಕರ್ತೃವೂ ಅಲ್ಲ, ಕರ್ಮವೂ ಅಲ್ಲ, ಕ್ರಿಯಾಪದವಂತೂ ಮೊದಲೇ ಅಲ್ಲ. ಹೆಚ್ಚೆಂದರೆ ಒಂದು ಅಲ್ಪವಿರಾಮ!

ದುರ್ದೈವವೆಂದರೆ, ಆ ಅಲ್ಪವಿರಾಮಗಳಲ್ಲಿ ಒಂದು ನನ್ನ ಮನೆಯಲ್ಲೇ ಹುಟ್ಟಿತು. ನನ್ನ ಒಬ್ಬಳೇ ಮಗಳಿಗೆ ನಾನು ವ್ಯಾಕರಣ ಕಲಿಸಿದೆ, ಛಂದಸ್ಸು ಕಲಿಸಿದೆ. ಅವಳು ಹೋಗಿ ವೈರು ಸುತ್ತುವುದನ್ನು ಕಲಿತು ಬಂದಳು. "ಮಗಳು ಏನ್ಮಾಡ್ಕೊಂಡಿದಾಳೆ ಮೇಷ್ಟ್ರೇ?" ಎಂದು ಹಳೆಯ ಸಹೋದ್ಯೋಗಿಗಳು ಕೇಳಿದರೆ, "ಇಂಜಿನಿಯರ್" ಎಂದು ಗಂಭೀರವಾಗಿ ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಅವರ ರಕ್ತದೊತ್ತಡದ ಯೋಗಕ್ಷೇಮ ವಿಚಾರಿಸಿಬಿಡುತ್ತಿದ್ದೆ.

ನನ್ನ ಯೋಗ್ಯತೆಯೇನು ಎಂದು ಕೇಳುವಿರಾ? ಸ್ವಾಮಿ, ನಾನು ಸಂಧಿ ಸಮಾಸಗಳ ಪಾಠ ಮಾಡುವಾಗ ಪಕ್ಕದ ತರಗತಿಯ ಗಣಿತದ ಮೇಷ್ಟರು ಲೆಕ್ಕ ತಪ್ಪುತ್ತಿದ್ದರು. ಅದರಾಚೆಯ ತರಗತಿಯ ಮಕ್ಕಳು ಇತಿಹಾಸದ ಉತ್ತರಪತ್ರಿಕೆಯಲ್ಲಿ ನನ್ನ ಉದಾಹರಣೆಗಳನ್ನು ಬರೆದು ಬರುತ್ತಿದ್ದರು. ಮೈಕಿರಲಿಲ್ಲ, ಪೆಟ್ಟಿಗೆಯಿರಲಿಲ್ಲ, ಕಪ್ಪು ಅಂಗಿಯಂತೂ ಇರಲೇ ಇಲ್ಲ. ಧ್ವನಿಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಬೇಕಷ್ಟೆ!

ಈಗ ಅಸಲು ಸಂಗತಿಗೆ ಬರುತ್ತೇನೆ. ನನ್ನ ಹೆಂಡತಿ ಚೆನ್ನಾಗಿ ಹಾಡುತ್ತಾಳೆ. ಪಾತ್ರೆ ತೊಳೆಯುವಾಗ ಹಾಡುತ್ತಾಳೆ, ಬಟ್ಟೆ ಮಡಿಸುವಾಗ ಹಾಡುತ್ತಾಳೆ. ಮನುಷ್ಯರ ಮುಂದೆ ನಿಂತರೆ ಮಾತ್ರ ಅವಳ ಗಂಟಲು ಹಿಡಿದುಕೊಂಡುಬಿಡುತ್ತದೆ. ಹಾಗಿದ್ದರೂ ಧೈರ್ಯ ಮಾಡಿ ಬಡಾವಣೆಯ ಹೆಂಗಸರ ಗಾನ ಬಳಗಕ್ಕೆ ಸೇರಿದಳು. ಕಳೆದ ವರ್ಷದ ಕಾರ್ಯಕ್ರಮದಲ್ಲಿ ಅವಳಿಗೆ ಮೊದಲ ಬಾರಿ ಒಂಟಿ ಹಾಡು ಸಿಕ್ಕಿತು. ಆಗ ಮಗಳು ಕೆಲಸದ ಮೇಲೆ ದೂರ ಹೋಗಿದ್ದಳು. ಬಾಡಿಗೆಗೆ ಬಂದಿದ್ದ ಸೌಂಡಿನ ಮಹಾಶಯ ಡ್ರಮ್ಮನ್ನು ಎಷ್ಟು ಏರಿಸಿದನೆಂದರೆ, ಗಾಜಿನ ತೊಟ್ಟಿಯ ಮೀನಿನ ಹಾಗೆ ನನ್ನ ಹೆಂಡತಿಯ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಡ್ರಮ್ಮಿಗೆ!

ಅಂದು ಮನೆಗೆ ಬಂದವಳು ಎಷ್ಟೋ ದಿನ ಪಾತ್ರೆಗಳನ್ನು ಮೌನವಾಗಿ ತೊಳೆದಳು. ಆ ಮೌನವನ್ನು ಸಹಿಸುವುದು ನನಗೂ ಕಷ್ಟವಾಯಿತು. ಆದರೆ ಅದನ್ನೆಲ್ಲ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಕಾಲದ ಗಂಡಂದಿರಲ್ಲಿ ಇಲ್ಲ. ಈ ವರ್ಷ ಬಳಗದವರು ಮತ್ತೆ ಒಂಟಿ ಹಾಡು ಕೊಟ್ಟಾಗ ಅವಳು ಹೇಳಿದ್ದು ಒಂದೇ ಮಾತು: "ಇದೇ ಕೊನೆ ಸಲ. ಈ ಬಾರಿಯೂ ನನ್ನ ದನಿ ಯಾರಿಗೂ ಕೇಳಿಸಲಿಲ್ಲ ಅಂದ್ರೆ ಇನ್ನು ಮೇಲೆ ನನ್ನನ್ನ ಹಾಡು ಅನ್ನಬೇಡಿ. ಮನೇಲೂ ಹಾಡಲ್ಲ."

ಅದಕ್ಕೇ ನನ್ನ ಪ್ರತಿಜ್ಞೆ!

ಕಾರ್ಯಕ್ರಮದ ದಿನ ಸಂಜೆಯೇ ಮಗಳಿಗೆ ಬೇರೊಂದು ಸಭಾಂಗಣದಲ್ಲಿ ಕೆಲಸವಿತ್ತು. "ಮಧ್ಯಾಹ್ನವೇ ಬಂದು ಎಲ್ಲ ಸರಿಮಾಡಿಟ್ಟು ಹೋಗ್ತೀನಿ. ಅಮ್ಮಂದು ಕೊನೇ ಹಾಡು ತಾನೆ? ಅಷ್ಟರಲ್ಲಿ ಓಡಿ ಬರ್ತೀನಿ. ಅಲ್ಲೀವರೆಗೆ ಯಾರಾದ್ರೂ ಸುಮ್ನೆ ಕೂತಿದ್ರೆ ಸಾಕು," ಎಂದಳು.

"ನಾನಿದ್ದೇನಲ್ಲ!"

"ಸುಮ್ನೆ ಕೂರೋರು ಬೇಕು ಅಂದೆ ಅಪ್ಪ."

ಈ ವ್ಯಂಗ್ಯಕ್ಕೆ ಉತ್ತರ ಕ್ರಿಯೆಯಲ್ಲೇ ಕೊಡಬೇಕೆಂದು, ಮರುದಿನ ಮಗಳ ಕೋಣೆಯಿಂದ ಒಂದು ಸಣ್ಣ ಸೌಂಡ್ ಮಿಕ್ಸರನ್ನೂ ಸ್ಪೀಕರನ್ನೂ ಹಜಾರಕ್ಕೆ ತಂದು ಅಭ್ಯಾಸಕ್ಕೆ ಕುಳಿತೆ. ಮೈಕನ್ನು ಹಿಡಿದು ಸ್ಪೀಕರಿನ ಮುಂದೆ ನಿಂತೆ. ನನ್ನ ಧ್ವನಿ ನನಗೇ ಚೆನ್ನಾಗಿ ಕೇಳಿಸಲೆಂದು ಎದುರಿಗೆ ಕಂಡ ಗುಂಡಿಗಳನ್ನೆಲ್ಲ ಒಂದೊಂದಾಗಿ ಬಲಕ್ಕೆ ತಿರುಗಿಸಿದೆ. ಅಷ್ಟೇ! ಕುಂಯ್ಯೆಂದು ಆರಂಭವಾದ ಒಂದು ಕೂಗು ಕ್ಷಣದಲ್ಲಿ ಪ್ರಳಯದ ಕಹಳೆಯಾಯಿತು. ಕಿಟಕಿಯ ಗಾಜು ನಡುಗಿತು. ಮೇಲಿನ ಮನೆಯವರು ಬೆಂಕಿ ಬಿತ್ತೆಂದು ಹಾಸಿಗೆ ಸಮೇತ ಮೆಟ್ಟಿಲಿಳಿದರು. ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

"ಏನ್ರೀ ಅದು!"

"ಪ್ರಯೋಗ!"

"ಯಾರ ಮೇಲೆ?"

ಮೈಕು ತನ್ನದೇ ಸ್ಪೀಕರಿನ ಸದ್ದನ್ನು ಮತ್ತೆ ಮತ್ತೆ ನುಂಗಿದರೆ ಹೀಗೆ ಕೂಗುತ್ತದೆಂದು ಮಗಳು ಸಂಜೆ ವಿವರಿಸಿದಳು. ಇಂಥ ದುರ್ಬಲ ಮನಸ್ಸಿನ ಯಂತ್ರವನ್ನು ಕಟ್ಟಿಕೊಂಡು ಇವಳು ಬದುಕುತ್ತಿದ್ದಾಳಲ್ಲ ಎಂದು ನನಗೆ ಕನಿಕರವೇ ಆಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಹೊಸ ಕಪ್ಪು ಅಂಗಿ ತೊಟ್ಟು ಸಭಾಂಗಣಕ್ಕೆ ಹೋದೆ. ಹೆಂಡತಿ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಯಾರು ಹೋದ್ರು?" ಎಂದಳು. ಅಂದು ಅವಳಿಗೆ ಹಾಡುವ ಭಯವಿದ್ದುದರಿಂದ ಕ್ಷಮಿಸಿದೆ.

ಮಗಳು ಪ್ರತಿ ಮೈಕನ್ನೂ ಪರೀಕ್ಷಿಸಿ ಎಲ್ಲ ಸಿದ್ಧಪಡಿಸಿದಳು. ಆಮೇಲೆ ನನ್ನನ್ನು ಯಂತ್ರದ ಹಿಂದೆ ಕೂರಿಸಿ ಪಾಠ ಶುರುಮಾಡಿದಳು. "ನೋಡಪ್ಪ, ವೇದಿಕೆ ಮೇಲೆ ಹಾಡೋರ ಕಡೆ ಮುಖ ಮಾಡಿ ಓರೆಯಾಗಿ ಇಟ್ಟಿದೀವಲ್ಲ ಪೆಟ್ಟಿಗೆಗಳು, ಅವು ಮಾನಿಟರ್. ಅವರ ಸದ್ದು ಅವರಿಗೇ ಕೇಳಿಸೋಕೆ."

"ಮಾನಿಟರ್ ವಿಷಯ ನನಗೇ ಹೇಳ್ತೀಯ? ಎಷ್ಟು ಜನರನ್ನ ನೇಮಿಸಿದೀನಿ! ಮಾತಾಡೋರ ಹೆಸರು ಬೋರ್ಡಿನ ಮೇಲೆ ಬರೆಯೋದು ಅವರ ಕೆಲಸ."

ಅವಳು ಕಣ್ಣು ಮುಚ್ಚಿ ತೆರೆದು ಮುಂದುವರಿಸಿದಳು. "ಇಲ್ಲಿ ಬಗ್ಗಿದ ಕತ್ತಿನ ಪುಟ್ಟ ಮೈಕ್ ಇದೆ. ನೀನು ವೇದಿಕೆಯವರಿಗೆ ಏನಾದ್ರೂ ಹೇಳಬೇಕು ಅಂದ್ರೆ ಈ ಗುಂಡಿ ಒತ್ತಿ ಹಿಡ್ಕೊಂಡು ಮಾತಾಡು. ಆ ಮಾನಿಟರ್‌ಗಳಲ್ಲಿ ಅವರಿಗೆ ಮಾತ್ರ ಕೇಳಿಸುತ್ತೆ. ಸಭಿಕರಿಗೆ ಕೇಳಿಸಲ್ಲ, ನಿನಗೂ ಕೇಳಿಸಲ್ಲ. ಕೈ ತೆಗೆದ್ರೆ ನಿಂತುಹೋಗುತ್ತೆ. ಬೇರೆ ಯಾವುದನ್ನೂ ಮುಟ್ಟಬೇಡ. ಮುಟ್ಟಲ್ಲ ತಾನೆ?"

"ಬೆರಳು ತಾಗಿಸಲ್ಲ!" ಎಂದು ಮಾತು ಕೊಟ್ಟೆ. ಆ ಮಾತನ್ನು ಕೊನೆಯವರೆಗೂ ಉಳಿಸಿಕೊಂಡೆ. ನನ್ನ ಒಂದು ಬೆರಳೂ ಯಾವ ಗುಂಡಿಗೂ ತಾಗಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಸಂಜೆ ಸಭಾಂಗಣ ತುಂಬಿತು. ಪರದೆ ಸರಿಯಿತು. ಬಳಗದ ಅಧ್ಯಕ್ಷೆ ನಡುವೆ, ಉಳಿದ ಹೆಂಗಸರು ಎರಡು ಸಾಲಾಗಿ ಹಿಂದೆ, ಎಡಕ್ಕೆ ಕೀಬೋರ್ಡಿನವನು, ಬಲಕ್ಕೆ ಡ್ರಮ್ಮಿನವನು. ಹಿಂದಿನ ಸಾಲಿನ ತುದಿಯಲ್ಲಿ ನನ್ನ ಹೆಂಡತಿ, ಸೆರಗಿನ ಅಂಚನ್ನು ಹಿಂಡುತ್ತ.

ನಾನು ನನ್ನ ಆಸನದಲ್ಲಿ ವಿರಾಜಮಾನನಾದೆ. ತರಗತಿಯಲ್ಲಿ ಕುಳಿತು ಪಾಠ ಮಾಡುವಾಗ ಮೇಜಿನ ಮೇಲೆ ಎಡಮೊಣಕೈ ಊರಿ, ಅಂಗೈಯ ಮೇಲೆ ಗದ್ದವಿಟ್ಟು, ಬಲಗೈಯನ್ನು ಬೆರಳು ತೋರಿಸಲು ಬಿಡುವಾಗಿಟ್ಟುಕೊಳ್ಳುವುದು ನನ್ನ ಶೈಲಿ. ಅದೇ ಠೀವಿಯಲ್ಲಿ ಯಂತ್ರದ ಅಂಚಿಗೆ ಮೊಣಕೈ ಊರಿದೆ. ಬಗ್ಗಿದ ಕತ್ತಿನ ಪುಟ್ಟ ಮೈಕು ನನ್ನ ಗಲ್ಲದ ಹತ್ತಿರವೇ ಬಂತು. ತರಗತಿಯೊಂದು ಎದುರಿಗಿದ್ದ ಹಾಗೆಯೇ ಇತ್ತು, ಬೆತ್ತವೊಂದು ಕಡಿಮೆ.

ಮೊದಲನೆಯದು ಎಲ್ಲರೂ ಸೇರಿ ಹಾಡುವ ಹಾಡು. ಡ್ರಮ್ಮಿನವನು ಆರಂಭದಿಂದಲೇ ಓಟ ಕಿತ್ತ. ತಪ್ಪು ಕಂಡರೆ ತುಟಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. "ಏನಪ್ಪಾ, ಕೊನೇ ಬಸ್ಸಿಗೆ ಹೊರಟಿದ್ದೀಯಾ? ನಿಧಾನ!" ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ.

ಆಶ್ಚರ್ಯ! ಅವನು ತಟಕ್ಕನೆ ತಲೆಯೆತ್ತಿ, ಅತ್ತಿತ್ತ ನೋಡಿ, ಎತ್ತಿನ ಗಾಡಿಯ ವೇಗಕ್ಕೆ ಇಳಿದ.

ನಾನು ಅಂದುಕೊಂಡೆ, ಅವನು ಮಾಡಿದ! ಕಾಕತಾಳೀಯವಿರಬಹುದೆಂದು ಕೀಬೋರ್ಡಿನವನ ಕಡೆ ತಿರುಗಿದೆ. "ಇವನೇನು ಬಾರಿಸ್ತಾ ಇದಾನೋ, ಹಿಟ್ಟು ನಾದ್ತಾ ಇದಾನೋ!" ಎಂದೆ. ಅವನು ಬಿಸಿ ಬಾಣಲೆ ಮುಟ್ಟಿದವನಂತೆ ಎರಡೂ ಕೈಗಳನ್ನು ಮೇಲೆತ್ತಿದ.

ಓದುಗರೇ, ನನ್ನ ಮೈ ಜುಮ್ಮೆಂದಿತು. ಇದು ಬರೀ ಸೌಂಡ್ ಇಂಜಿನಿಯರಿಂಗ್ ಅಲ್ಲ, ಇಚ್ಛಾಶಕ್ತಿ! ವರ್ಷಗಟ್ಟಲೆ ಮಕ್ಕಳನ್ನು ನೋಟದಲ್ಲೇ ನಿಲ್ಲಿಸಿದವನ ತಪಸ್ಸು ಇಂದು ಫಲ ಕೊಡುತ್ತಿದೆ! ಮಗಳು ಕಾಲೇಜಿಗೆ ಹೋಗಿ ಕಲಿತದ್ದನ್ನು ನಾನು ಕುರ್ಚಿಯಲ್ಲಿ ಕೂತು ಮಾಡಿ ತೋರಿಸಿದೆ!

ಎರಡನೆಯ ಹಾಡು ಅಧ್ಯಕ್ಷೆಯದು. ಆಕೆ ಮೇಲಿನ ಒಂದು ಸ್ವರವನ್ನು ಹಿಡಿಯಲು ಹೊರಟರು. ಸ್ವರ ಸಿಗಲಿಲ್ಲ. ಮತ್ತೆ ಹೊರಟರು. ಮತ್ತೂ ಹೊರಟರು. "ತಾಯೀ, ಅದು ಸಿಗೋದಿಲ್ಲ, ವಾಪಸ್ ಬನ್ನಿ. ಪೊಲೀಸರಿಗೆ ಹೇಳಿ ಹುಡುಕಿಸೋಣ," ಎಂದೆ. ಆಕೆಯ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಸ್ವರ ಮಾತ್ರ ಒಳಗೇ ಉಳಿಯಿತು.

ಅಲ್ಲಿಂದ ವೇದಿಕೆಯ ಮೇಲೆ ವಿಚಿತ್ರ ಸನ್ನೆಗಳು ಆರಂಭವಾದವು. ಅಧ್ಯಕ್ಷೆ ಒಮ್ಮೆ ತಮ್ಮ ಕಿವಿಯನ್ನು ಮುಟ್ಟಿ, ನನ್ನತ್ತ ಬೆರಳು ತೋರಿಸಿ, ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡಡ್ಡ ಬೀಸಿದರು. 'ಕಿವಿಗೆ ಬಲು ಇಂಪು, ನಿಮ್ಮಿಂದಲೇ, ಇನ್ನೇನೂ ಬೇಡ' ಎಂದು ಅರ್ಥ ಮಾಡಿಕೊಂಡು ತಲೆಬಾಗಿ ಸ್ವೀಕರಿಸಿದೆ. ಡ್ರಮ್ಮಿನವನು ತನ್ನ ಕೋಲನ್ನು ಕತ್ತಿನ ಮೇಲೆ ಅಡ್ಡವಾಗಿ ಎಳೆದು ತೋರಿಸಿದ. "ಪಾಪ, ಗಂಟಲು ಕಟ್ಟಿದೆ. ಬಾರಿಸೋನಿಗ್ಯಾಕೋ ಗಂಟಲು! ಬಿಸಿನೀರು ಕುಡಿ," ಎಂದು ವಾತ್ಸಲ್ಯದಿಂದ ನುಡಿದೆ. ಅವನು ಡ್ರಮ್ಮಿನ ಮೇಲೆ ಹಣೆಯಿಟ್ಟುಕೊಂಡ.

ಹಾಡುಗಳ ನಡುವೆ ಅಧ್ಯಕ್ಷೆ ಮೈಕಿನಲ್ಲೇ, ಸಭೆಯೆದುರು ಮಾನ ಬಿಡದೆ, ಹಲ್ಲು ಕಚ್ಚಿಕೊಂಡು ಹೇಳಿದರು: "ಸೌಂಡಿನವರು ದಯವಿಟ್ಟು ಗಮನಿಸಬೇಕು."

"ಗಮನಿಸ್ತಾನೇ ಇದೀನಿ ತಾಯಿ, ಅದೇ ಕಷ್ಟ ಆಗಿರೋದು!" ಎಂದು ಗೊಣಗಿದೆ. ಇಡೀ ಎರಡು ಸಾಲು ಹೆಂಗಸರು ಒಟ್ಟಿಗೆ ನನ್ನತ್ತ ನೋಡಿದರು. ನನ್ನ ಹೆಂಡತಿಯ ಕಣ್ಣುಗಳಂತೂ ಅಷ್ಟು ದೂರದಿಂದಲೂ ದೊಡ್ಡದಾಗಿ ಕಾಣುತ್ತಿದ್ದವು. ಹೆಮ್ಮೆಯಿರಬೇಕು ಎಂದುಕೊಂಡೆ.

ಕಾರ್ಯಕ್ರಮ ಹೀಗೇ ಮುಂದುವರಿಯಿತು. ನಾನು ತಿದ್ದುತ್ತ ಹೋದೆ, ಅವರು ಕೆಡುತ್ತ ಹೋದರು. ಎಷ್ಟು ತಿದ್ದಿದರೂ ಏಳಿಗೆಯಾಗದ ತರಗತಿಗಳನ್ನು ನಾನು ಕಂಡಿದ್ದೇನೆ. ಇದೂ ಆ ಪೈಕಿ ಎಂದು ಅವರ ಪ್ರತಿಭೆಯ ಬಗ್ಗೆ ತಾತ್ಸಾರ ಬಂತು. ಜನ ಆಕಳಿಸಿದರು. ಮುಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೋದರು. ಉಳಿದವರೂ ಚಪ್ಪಲಿ ಹುಡುಕತೊಡಗಿದಾಗ ಕೊನೆಯ ಹಾಡು ಬಂತು.

ನನ್ನ ಹೆಂಡತಿ ನಡುವಿನ ಮೈಕಿನ ಹತ್ತಿರ ಬಂದು ನಿಂತಳು.

ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೀಬೋರ್ಡು ಶುರುವಾಯಿತು. ಅವಳು ಬಾಯಿ ತೆರೆದಳು. ದನಿ ಹೊರಗೆ ಬಂತೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಬಾಗಿಲ ಸಂದಿನಿಂದ ಬಂದ ಗಾಳಿಯ ಹಾಗೆ ಮೊದಲ ಸಾಲು ಕೇಳಿಸಿತು. ಎರಡನೆಯ ಸಾಲಿಗೆ ಅದೂ ಇಲ್ಲ. ಮತ್ತೆ ಅದೇ ಗಾಜಿನ ತೊಟ್ಟಿ, ಅದೇ ಮೀನು! ಮತ್ತೆ ಮನೆಯಲ್ಲಿ ಆ ಮೌನ, ಈ ಸಲ ಸಾಯುವವರೆಗೆ! ಗುಂಡಿ ತಿರುಗಿಸೋಣವೆಂದರೆ ಮಗಳಿಗೆ ಮಾತು ಕೊಟ್ಟಿದ್ದೇನೆ. ಉಳಿದದ್ದು ಇಚ್ಛಾಶಕ್ತಿಯೊಂದೇ. ಮೊಣಕೈಯನ್ನು ಇನ್ನಷ್ಟು ಬಲವಾಗಿ ಊರಿ, ಮುಂದಕ್ಕೆ ಬಾಗಿ, ಮನಸ್ಸನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ:

"ಬಾಯಿ ಬಿಡೇ! ಅಡುಗೆಮನೆಯಿಂದ ನನ್ನನ್ನ ಬೈಯುವಾಗ ಹೀಗೇ ಪಿಸುಗುಟ್ತೀಯಾ? ಬೀದಿ ಕೊನೆವರೆಗೂ ಕೇಳಿಸುತ್ತಲ್ಲ! ಈ ಜನರನ್ನ ಕಂಡು ಹೆದರ್ತೀಯಲ್ಲ, ಇವರಲ್ಲಿ ಅರ್ಧ ಜನಕ್ಕೆ ಸಂಗೀತ ಗೊತ್ತಿಲ್ಲ, ಇನ್ನರ್ಧ ಜನ ನಿದ್ದೆ ಮಾಡ್ತಿದಾರೆ. ಬಾಯಿ ಬಿಡೇ ಅಂದ್ರೆ!"

ಅವಳು ಹಾಡು ನಿಲ್ಲಿಸಿದಳು.

ಕೀಬೋರ್ಡು ನಿಂತಿತು. ಡ್ರಮ್ಮು ನಿಂತಿತು. ಚಪ್ಪಲಿ ಹುಡುಕುತ್ತಿದ್ದವರೂ ನಿಂತರು. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಮನೆಯಲ್ಲಿ ಅದಕ್ಕೊಂದು ಅರ್ಥವಿದೆ. ಮೈಕಿಗೆ ಬಾಯಿ ಹತ್ತಿರ ತಂದು, ಸಭಾಂಗಣದ ಕಟ್ಟಕಡೆಯ ಗೋಡೆಗೂ ಕೇಳಿಸುವ ಹಾಗೆ ಹೇಳಿದಳು:

"ಹಿಂದೆ ಕೂತಿರೋ ಮೇಷ್ಟ್ರು ಬಾಯಿ ಮುಚ್ಚಿದ್ರೆ, ನಾನು ಬಾಯಿ ಬಿಡ್ತೀನಿ."

ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿ ನನ್ನತ್ತ ನೋಡಿತು. ಇವಳಿಗೆ ಹೇಗೆ ಕೇಳಿಸಿತು? ನಾನು ತಬ್ಬಿಬ್ಬಾಗಿ ಕೆಳಗೆ ನೋಡಿದೆ. ಬಗ್ಗಿದ ಕತ್ತಿನ ಮೈಕು ನೇರ ನನ್ನ ತುಟಿಗೆ ಮುಖ ಮಾಡಿಕೊಂಡಿತ್ತು. ಅದರ ಬುಡದಲ್ಲಿ ಕೆಂಪು ದೀಪವೊಂದು ಉರಿಯುತ್ತಿತ್ತು. ಮಗಳು ತೋರಿಸಿದ್ದ ಆ ಗುಂಡಿ ಎಲ್ಲಿ? ಕಾಣಿಸಲಿಲ್ಲ. ಮೊಣಕೈ ಎತ್ತಿದೆ. ಕಾಣಿಸಿತು!

ಕೆಂಪು ದೀಪ ಆರಿತು. ಬಸ್ಸು, ಹಿಟ್ಟು, ಪೊಲೀಸರು, ಬಿಸಿನೀರು, ಎಲ್ಲವೂ ಮೆರವಣಿಗೆಯಾಗಿ ಕಣ್ಣ ಮುಂದೆ ಹಾದುಹೋದವು. ನನ್ನ ಇಚ್ಛಾಶಕ್ತಿಯ ಆಯುಷ್ಯ ಅಲ್ಲಿಗೆ ಮುಗಿಯಿತು. ಎಲ್ಲೂ ಏನೂ ತಾಗದಿರಲಿ ಎಂದು ಎರಡೂ ಕೈಗಳನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ತರಗತಿಯಲ್ಲಿ ಎಷ್ಟೋ ಮಕ್ಕಳನ್ನು ಹಾಗೆ ಕೂರಿಸಿದ್ದೇನೆ. ಭುಜ ಇಷ್ಟು ನೋಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ಅವಳು ಹಾಡಿದಳು.

ಹೇಗೆ ಹೇಳಲಿ? ಕೋಪದಿಂದ ಆರಂಭಿಸಿದ್ದು ನಿಜ. ಮೊದಲ ಸಾಲು ಯಾರನ್ನೋ ಗದರಿಸುವ ಹಾಗೆಯೇ ಬಂತು. ಯಾರನ್ನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಮ್ಮೆ ಗಂಟಲು ಬಿಟ್ಟ ಮೇಲೆ ದನಿ ತಾನಾಗಿ ದಾರಿ ಹಿಡಿಯಿತು. ಡ್ರಮ್ಮಿನವನು ಬಸ್ಸನ್ನು ಮರೆತು ಅವಳ ಬೆನ್ನಿಗೆ ನಿಂತು ನುಡಿಸಿದ. ಎದ್ದವರು ಕುಳಿತರು. ಹಾಡಿನ ನಡುವೆ ಮಗಳು ಏದುಸಿರು ಬಿಡುತ್ತ ಬಂದು ನನ್ನ ಪಕ್ಕ ನಿಂತಳು.

"ಯಾಕಪ್ಪ ಕೈ ತಲೆ ಮೇಲೆ?" ಎಂದು ಪಿಸುಗುಟ್ಟಿದಳು.

"ಮೊಣಕೈಗೆ ಜಾಗ ಸಿಗಲಿಲ್ಲಮ್ಮ. ನೀನು ಬಂದೆಯಲ್ಲ, ಏನಾದರೂ ತಿರುಗಿಸು. ಇನ್ನೂ ಚೆನ್ನಾಗಿ ಮಾಡು."

ಅವಳು ಯಂತ್ರವನ್ನೊಮ್ಮೆ ನೋಡಿದಳು. ಕೈಯೆರಡನ್ನೂ ಹಿಂದಕ್ಕೆ ಕಟ್ಟಿಕೊಂಡಳು. "ಏನೂ ಬೇಡ. ಸುಮ್ನೆ ಕೇಳು," ಎಂದಳು.

ಕೇಳಿದೆ. ಬಾಯಿ ಮುಚ್ಚಿಕೊಂಡು ಒಂದು ಇಡೀ ಹಾಡನ್ನು ಕೇಳಿದ್ದು ನನಗೆ ಬಹುಶಃ ಅದೇ ಮೊದಲು. ಕಣ್ಣು ಯಾಕೋ ಉರಿಯಿತು. ಹೊಸ ಅಂಗಿಯ ಬಣ್ಣವಿರಬೇಕು.

ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಆಮೇಲೆ ವೇದಿಕೆಯವರು ಒಬ್ಬೊಬ್ಬರಾಗಿ ನನ್ನ ಮುಂದೆ ಹಾದುಹೋದರು. ಅಧ್ಯಕ್ಷೆ ನಾನೊಂದು ಕಂಬವೆಂಬಂತೆ ಸುತ್ತಿ ಬಳಸಿ ನಡೆದರು. ಕೀಬೋರ್ಡಿನವನು ಮುಖ ತಿರುಗಿಸಿದ. ಡ್ರಮ್ಮಿನವನು ಮಾತ್ರ ನಿಂತ.

"ಬಸ್ ಹೋಯ್ತು ಸರ್. ಮನೆವರೆಗೂ ಬಿಡ್ತೀರಾ?"

ಬಿಡುತ್ತೇನೆಂದೆ. ಬೇರೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಬಡಾವಣೆಯ ಸಂಘದವರು ನನ್ನ ಹೆಂಡತಿಯನ್ನು ಸುತ್ತುವರಿದಿದ್ದರು. ತಮ್ಮ ವಾರ್ಷಿಕೋತ್ಸವಕ್ಕೆ ಆಕೆಯೇ ಬಂದು ಹಾಡಬೇಕಂತೆ. ಒಂದಲ್ಲ, ಇಡೀ ಸಂಜೆಯ ಹಾಡುಗಳು! ನಾನು ಉಸಿರು ಬಿಗಿಹಿಡಿದು ನಿಂತೆ. ಅವಳು ಸೊಂಟದ ಸೆರಗನ್ನು ಬಿಡಿಸಿ ಮುಖ ಒರೆಸಿಕೊಂಡು, "ಆಗಲಿ, ಬರ್ತೀನಿ," ಎಂದಳು. ನಡುಕವಿಲ್ಲ, ತಡವರಿಕೆಯಿಲ್ಲ.

ಮಗಳು ವೈರುಗಳನ್ನು ಸುತ್ತತೊಡಗಿದಳು. ನಾನು ಹೆಂಡತಿಯ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, ಕೈಕಟ್ಟಿ ನಿಂತೆ.

"ನನ್ನಿಂದ ಅಪರಾಧವಾಯಿತು," ಎಂದೆ. "ಆ ಕಾರ್ಯಕ್ರಮಕ್ಕೆ ನಾನು ಬರುವುದಿಲ್ಲ. ಮನೆಯಲ್ಲೇ ಇರುತ್ತೇನೆ."

"ಅಯ್ಯೋ, ಹಾಗಂದ್ರೆ ಹೇಗ್ರೀ!" ಎಂದಳು. "ನೀವು ಬರ್ಲೇಬೇಕು. ನೀವಿಲ್ಲದೆ ನಾನು ಹಾಡೋದುಂಟಾ?"

ನನ್ನ ಎದೆ ಒಂದು ಗೇಣು ಉಬ್ಬಿತು. ಇಷ್ಟು ವರ್ಷಗಳ ಸಂಸಾರ ಸುಮ್ಮನೆ ಅಲ್ಲ ನೋಡಿ! "ಹಾಗಾದರೆ ಎಲ್ಲಿ ಕೂರಲಿ? ಯಂತ್ರದ ಹತ್ತಿರವೋ?" ಎಂದೆ.

"ಬೇಡ ಬೇಡ. ಮೊದಲನೇ ಸಾಲಲ್ಲಿ, ನನ್ನ ಎದುರಿಗೇ ಕೂತ್ಕೊಳ್ಳಿ," ಎಂದಳು ನನ್ನ ಸಹಧರ್ಮಿಣಿ. "ನೀವು ಮಾತಾಡಬೇಕಾಗಿಯೇ ಇಲ್ಲ. ನಿಮ್ಮ ಮುಖ ಕಂಡ್ರೆ ಸಾಕು, ಸಿಟ್ಟು ತಾನಾಗೇ ಬರುತ್ತೆ."